ಟೂರ್ನಮೆಂಟ್‌ಗೆ ಮೂರು ವಾರ ಇದೆ, ಪಿಡಿ ಸರ್ ಸಾಫ್ಟ್‌ಬಾಲ್ ಆಡೋಣ ಅಂತಾರೆ. ಏನ್ ಮಾಡೋದು?

ಪಾಚಿಕೋರ್ಟ್ · ಬುಧವಾರ, ರಾತ್ರಿ 9:40

ನಮಸ್ಕಾರ. ಶಿವಮೊಗ್ಗದ ಒಂದು ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಟೀಮಿನ ಕ್ಯಾಪ್ಟನ್ ನಾನು. ಕಾಲೇಜಿನ ಹೆಸರು ಕೇಳಬೇಡಿ, ಹೇಳುವುದಿಲ್ಲ. ಇಂಟರ್ ಕಾಲೇಜ್ ಟೂರ್ನಮೆಂಟ್‌ಗೆ ಇನ್ನು ಮೂರೇ ವಾರ.

ನಮ್ಮ ಕಷ್ಟ ಆಟದ್ದಲ್ಲ. ಟೀಮಿನಲ್ಲಿ ಹದಿನಾಲ್ಕು ಜನ. ಎಂಟು ಜನ ಪೇಟೆಯವರು, ವಿನೋಬನಗರ, ಗೋಪಾಳ, ದುರ್ಗಿಗುಡಿ ಕಡೆಯವರು. ಹೈಸ್ಕೂಲಿನಿಂದ ಒಟ್ಟಿಗೆ ಆಡಿಕೊಂಡು ಬಂದವರು, ನಾನೂ ಅವರಲ್ಲೇ ಒಬ್ಬ. ಉಳಿದ ಆರು ಜನ ಹಾಸ್ಟೆಲಿನವರು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹುಡುಗರು. ಪ್ರಾಕ್ಟೀಸ್ ಮುಗಿದ ತಕ್ಷಣ ನಾವು ಬೈಕ್ ಹತ್ತುತ್ತೇವೆ, ಅವರು ಮೆಸ್ಸಿಗೆ ಓಡುತ್ತಾರೆ. ಮಾತೇ ಇಲ್ಲ. ಜಗಳವೂ ಇಲ್ಲ, ಅದೇ ತೊಂದರೆ. ಜಗಳ ಆಗಿದ್ದರೆ ಯಾರಾದರೂ ರಾಜಿ ಮಾಡಿಸಬಹುದಿತ್ತು.

ಮಳೆಯದ್ದೂ ಪಾಲು ಇದೆ. ನಮ್ಮದು ತೆರೆದ ಸಿಮೆಂಟ್ ಕೋರ್ಟ್. ಜೂನ್‌ನಲ್ಲಿ ಪಾಚಿ ಕಟ್ಟಿದರೆ ಸೆಪ್ಟೆಂಬರ್ ಮುಗಿಯುವ ತನಕ ಅದರ ಮೇಲೆ ನಡೆಯುವುದೇ ಕಷ್ಟ, ಇನ್ನು ಓಡುವುದೆಲ್ಲಿ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ಆಟ ಶುರು ಮಾಡುವಷ್ಟರಲ್ಲಿ ದಸರಾ ಬಂದಿರುತ್ತದೆ. ಹಾಗಾಗಿ ಹೊಸಬರ ಜೊತೆ ಆಡಿದ್ದೇ ಕಮ್ಮಿ.

ಹೋದ ತಿಂಗಳು ಒಂದು ಫ್ರೆಂಡ್ಲಿ ಮ್ಯಾಚ್. ಕೊನೆಯ ನಿಮಿಷ. ನಮ್ಮ ಸೆಂಟರ್, ಅಂದರೆ ರಿಂಗಿನ ಹತ್ತಿರ ಆಡುವವನು, ಹಾಸ್ಟೆಲ್ ಹುಡುಗ, ಆರಡಿ ಮೂರಿಂಚು. ರಿಂಗಿನ ಕೆಳಗೆ ಒಬ್ಬನೇ ಕೈ ಎತ್ತಿಕೊಂಡು ನಿಂತಿದ್ದ. ಅವನಿಗೆ ಪಾಸ್ ಹೋಗಲಿಲ್ಲ. ಮೂರು ಜನರ ನಡುವೆ ಸಿಕ್ಕಿಕೊಂಡೇ ಶಾಟ್ ಹೋಯಿತು, ಒಂದು ಪಾಯಿಂಟಿಗೆ ಸೋತೆವು.

ಈಗ ಪಿಡಿ ಸರ್ ಹೊಸ ರಾಗ ತೆಗೆದಿದ್ದಾರೆ. "ಈ ಭಾನುವಾರ ಪ್ರಾಕ್ಟೀಸ್ ಇಲ್ಲ, ಎಲ್ಲ ಸೇರಿ ಸಾಫ್ಟ್‌ಬಾಲ್ ಆಡೋಣ." ನಮ್ಮಲ್ಲಿ ಒಬ್ಬನೂ ಸಾಫ್ಟ್‌ಬಾಲ್ ಬ್ಯಾಟ್ ಮುಟ್ಟಿದವನಲ್ಲ. ಇದರಿಂದ ಏನಾದರೂ ಉಪಯೋಗ ಇದ್ಯಾ, ಇಲ್ಲ ಸುಮ್ನೆ ಒಂದು ಭಾನುವಾರ ಹಾಳಾ?

ಗೋಪಿಸರ್ಕಲ್ · ಬುಧವಾರ, ರಾತ್ರಿ 9:58

ಯುದ್ಧಕಾಲೇ ಶಸ್ತ್ರಾಭ್ಯಾಸ ಕೇಳಿದ್ದೆ. ಯುದ್ಧಕಾಲೇ ಸಾಫ್ಟ್‌ಬಾಲ್ ಇದೇ ಮೊದಲು.

ಮೂರು ವಾರ ಅಂದರೆ ಮೂರು ಭಾನುವಾರ. ಅದರಲ್ಲಿ ಒಂದನ್ನು ಕಳೆಯೋದಾ? ಫ್ರೀ ಥ್ರೋ ಹಾಕಿಸಿ. ದಿನಕ್ಕೆ ನೂರು. ಕಾಲೇಜ್ ಮ್ಯಾಚುಗಳು ಅರ್ಧಕ್ಕರ್ಧ ಅಲ್ಲೇ ಸೋಲೋದು.

ಹಳೇಸೆಂಟರ್ · ಬುಧವಾರ, ರಾತ್ರಿ 10:15

ಫ್ರೀ ಥ್ರೋ ವಿಷಯ ಒಪ್ಪಿದೆ. ಆದರೆ ತಮ್ಮಾ, ಪಾಸೇ ಕೊಡದ ಟೀಮಿಗೆ ಫ್ರೀ ಥ್ರೋ ಎಲ್ಲಿಂದ ಸಿಗಬೇಕು? ಚೆಂಡು ಒಳಗೆ ಸೆಂಟರ್ ಕೈಗೆ ಹೋದರೆ ತಾನೇ ಫೌಲ್ ಮಾಡೋದು.

ನಮ್ಮ ಕಾಲದಲ್ಲಿ ಪಿಡಿ ಸರ್ ಮಳೆಗಾಲದಲ್ಲಿ ಕೆಸರುಗದ್ದೆಗೆ ಇಳಿಸಿ ಓಡಿಸುತ್ತಿದ್ದರು. ಬಾಂಡಿಂಗ್ ಗೀಂಡಿಂಗ್ ಅಂತ ಯಾರೂ ಹೆಸರಿಡಲಿಲ್ಲ. ಮುಖಕ್ಕೆಲ್ಲ ಕೆಸರು ಮೆತ್ತಿದ ಮೇಲೆ ಯಾರು ಪೇಟೆ, ಯಾರು ಹಳ್ಳಿ ಅಂತ ಗುರುತೇ ಸಿಗುತ್ತಿರಲಿಲ್ಲ, ಅಷ್ಟೇ.

ಶಾರ್ಟ್‌ಸ್ಟಾಪ್‌ಅಕ್ಕ · ಬುಧವಾರ, ರಾತ್ರಿ 11:05

ಕಾಲೇಜಿನಲ್ಲಿ ಮೂರು ವರ್ಷ ಸಾಫ್ಟ್‌ಬಾಲ್ ಆಡಿದವಳು ನಾನು. ರನ್ ಓಡುವಾಗ ಮುಟ್ಟಬೇಕಾದ ಗುರುತಿಗೆ ಬೇಸ್ ಅಂತಾರೆ. ಎರಡನೇ ಬೇಸ್ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವವರಿಗೆ ಶಾರ್ಟ್‌ಸ್ಟಾಪ್ ಅಂತಾರೆ, ಹೆಸರು ಅದರದ್ದೇ. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇರುತ್ತದೆ, ಕಳೆದು ಓದಿಕೊಳ್ಳಿ.

ಮೊದಲು ಆಟ. ಒಂದು ಕಡೆ ಒಂಬತ್ತು ಜನ, ಏಳು ಇನಿಂಗ್ಸ್. ಇಲ್ಲಿ ಬೌಲಿಂಗ್ ಇಲ್ಲ, ಪಿಚಿಂಗ್. ಕೈ ಕೆಳಗಿನಿಂದ ಬೀಸಿ ಎಸೆಯಬೇಕು, ಚೆಂಡು ನೆಲಕ್ಕೆ ಬಡಿಯದೆ ಬರಬೇಕು. ಸರಿಯಾಗಿ ಬಂದ ಚೆಂಡನ್ನು ಹೊಡೆಯದೆ ಬಿಟ್ಟರೆ, ಇಲ್ಲ ಬೀಸಿ ತಪ್ಪಿದರೆ ಅದು ಸ್ಟ್ರೈಕ್, ಮೂರು ಸ್ಟ್ರೈಕ್ ಆದರೆ ಔಟ್. ಪಿಚರ್ ನಾಲ್ಕು ಸಲ ಕೆಟ್ಟದಾಗಿ ಎಸೆದರೆ ನೀವು ಆರಾಮಾಗಿ ಮೊದಲನೇ ಬೇಸಿಗೆ ನಡೆದುಕೊಂಡು ಹೋಗಬಹುದು. ಮೂರು ಜನ ಔಟಾದರೆ ಸರದಿ ಬದಲು. ಬೇಸಿನಿಂದ ಬೇಸಿಗೆ 60 ಅಡಿ. ನಿಮ್ಮ ಕೋರ್ಟ್ 28 ಮೀಟರ್ ಉದ್ದ ಅಲ್ವಾ, ಅದರ ಮೂರನೇ ಎರಡು ಪಾಲು ಅಂದುಕೊಳ್ಳಿ. ಪಿಚರ್ ಕೈಯಿಂದ ಚೆಂಡು ಬಿಡುವ ತನಕ ರನ್ನರ್ ಬೇಸಿನಿಂದ ಕಾಲು ತೆಗೆಯುವ ಹಾಗಿಲ್ಲ. ಬೇಸ್‌ಬಾಲ್‌ನಲ್ಲಿ ಮುಂಚೆಯೇ ಸ್ವಲ್ಪ ಸರಿದು ನಿಲ್ಲಬಹುದು, ಇಲ್ಲಿ ಆ ಕಳ್ಳಾಟ ನಡೆಯಲ್ಲ.

ಹೆಸರು ಕೇಳಿ ಮೋಸ ಹೋಗಬೇಡಿ. ಚೆಂಡು ಮೆತ್ತಗೇನೂ ಇರಲ್ಲ. ಸುತ್ತಳತೆ 12 ಇಂಚು, ತೂಕ ಸುಮಾರು 180ರಿಂದ 200 ಗ್ರಾಂ. ಕ್ರಿಕೆಟ್ ಚೆಂಡಿಗಿಂತ ಭಾರ.

ಈಗ ನಿಮ್ಮ ಪ್ರಶ್ನೆಗೆ. ಮೇಲೆ ಎದ್ದ ಚೆಂಡು ಇಬ್ಬರ ನಡುವೆ ಬಂದರೆ ಒಬ್ಬರು "ನಂದು" ಅಂತ ಕೂಗಲೇಬೇಕು. ಕೂಗದಿದ್ದರೆ ಇಬ್ಬರೂ ಡಿಕ್ಕಿ ಹೊಡೆಯುತ್ತಾರೆ, ಇಲ್ಲ ಇಬ್ಬರೂ ಮುಖ ಮುಖ ನೋಡಿಕೊಂಡು ನಿಂತು ಚೆಂಡು ನೆಲಕ್ಕೆ ಬೀಳುತ್ತದೆ. ಬ್ಯಾಸ್ಕೆಟ್‌ಬಾಲನ್ನು ಬಾಯಿ ಮುಚ್ಚಿಕೊಂಡೂ ಒಂದು ಕ್ವಾರ್ಟರ್ ತಳ್ಳಬಹುದು. ಇದನ್ನು ಆಗಲ್ಲ. ಇನ್ನೊಂದು ಲಾಭ ಯಾರೂ ಹೇಳಲ್ಲ. ಬ್ಯಾಟಿಂಗ್ ಮಾಡುವ ಕಡೆಯವರಲ್ಲಿ ಒಬ್ಬ ಆಡುತ್ತಾನೆ, ಉಳಿದವರು ಕೂತಿರುತ್ತಾರೆ. ಪಕ್ಕದಲ್ಲಿ ಕೂತವನ ಜೊತೆ ಎಷ್ಟು ಹೊತ್ತು ಸುಮ್ಮನಿರ್ತೀರಿ? ನಮ್ಮ ಟೀಮಿನ ಅರ್ಧ ಸ್ನೇಹ ಬೆಂಚಿನ ಮೇಲೇ ಆಗಿದ್ದು.

ಅಂದ ಹಾಗೆ ಈ ಆಟ ಹುಟ್ಟಿದ್ದೇ ಎರಡು ಗುಂಪಿನ ಜಟಾಪಟಿಯಲ್ಲಿ. 1887, ಚಿಕಾಗೋ, ಒಂದು ಬೋಟ್ ಕ್ಲಬ್ಬಿನ ಒಳಗೆ. ಹೊರಗೆ ಚಳಿ. ಯೇಲ್ ಮತ್ತು ಹಾರ್ವರ್ಡ್ ಕಾಲೇಜುಗಳ ಫುಟ್‌ಬಾಲ್ ಮ್ಯಾಚಿನ ಫಲಿತಾಂಶಕ್ಕೆ ಎರಡೂ ಕಡೆಯವರು ಕಾಯುತ್ತಿದ್ದರು. ಯೇಲ್ ಗೆದ್ದ ಸುದ್ದಿ ಬಂತು. ಆ ಕಡೆಯವನೊಬ್ಬ ಖುಷಿಗೆ ಬಾಕ್ಸಿಂಗ್ ಗ್ಲೌಸ್ ತೆಗೆದು ಹಾರ್ವರ್ಡಿನವನ ಮೇಲೆ ಎಸೆದ. ಇವನು ಕೈಗೆ ಸಿಕ್ಕ ಕೋಲಿನಿಂದ ಅದನ್ನು ಬಾರಿಸಿದ. ಪಕ್ಕದಲ್ಲಿದ್ದ ಜಾರ್ಜ್ ಹ್ಯಾಂಕಾಕ್ ಗ್ಲೌಸನ್ನೇ ಬಿಗಿದು ಕಟ್ಟಿ ಚೆಂಡು ಮಾಡಿ, ನೆಲದ ಮೇಲೆ ಗೆರೆ ಎಳೆದು, ಆಡಿ ಅಂದ. ಸಾಫ್ಟ್‌ಬಾಲ್ ಅನ್ನೋ ಹೆಸರು ಬಂದಿದ್ದು ಆಮೇಲೆ, 1926ರಲ್ಲಿ.

ನಿಮ್ಮ ಬ್ಯಾಸ್ಕೆಟ್‌ಬಾಲೂ ಅಷ್ಟೇ. 1891ರ ಡಿಸೆಂಬರಿನಲ್ಲಿ ನೈಸ್ಮಿತ್ ಮೇಷ್ಟ್ರು ಒಳಾಂಗಣದಲ್ಲಿ ಹಣ್ಣಿನ ಬುಟ್ಟಿ ನೇತು ಹಾಕಿದ್ದು, ಚಳಿಗೆ ಹೊರಗೆ ಹೋಗಲಾಗದ ಹುಡುಗರ ಕಾಟ ತಾಳಲಾರದೆ. ಎರಡೂ ಆಟ ಒಳಗೇ ಹುಟ್ಟಿದವು. ನಾವು ಎರಡನ್ನೂ ಬಯಲಿಗೆ ತಂದು ಮಳೆ ಬಂತು ಅಂತ ಅಳ್ತಾ ಇದ್ದೀವಿ.

ಭದ್ರಾವತಿಮೇಲ್ · ಗುರುವಾರ, ಬೆಳಗ್ಗೆ 7:20

ಅಕ್ಕಾ, ಒಂದು ನಿಯಮ ಬಿಟ್ರಿ. ಹಿಂದಕ್ಕೆ, ಪಕ್ಕಕ್ಕೆ ಹೊಡೆದರೆ ಫೌಲ್. ನಮ್ಮೂರಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಬಂದು ಸ್ಕ್ವೇರ್ ಕಟ್ ಹೊಡೆದರೂ ಇಲ್ಲಿ ರನ್ ಇಲ್ಲ. ಈ ಆಟ ನಮಗೆ ಹೇಗೆ ಹಿಡಿಸಬೇಕು ಹೇಳಿ.

ಗೋಪಿಸರ್ಕಲ್ · ಗುರುವಾರ, ಬೆಳಗ್ಗೆ 8:02

ಇತಿಹಾಸ ಚೆನ್ನಾಗಿತ್ತು ಮೇಡಂ, ಧನ್ಯವಾದ. ಆದರೆ ಬೆರಳು ಮುರಿದರೆ ಯಾರು ಜವಾಬ್ದಾರಿ? ನಾನು ಓದುವಾಗ ಒಂದು ಕಾಲೇಜಿನಲ್ಲಿ ಹೀಗೇ ತಮಾಷೆಗೆ ಅಂತ ಆಡಿಸಿದರು. ಗ್ಲೌಸ್ ಎರಡೇ ಇದ್ದವು. ನಮ್ಮ ಪಾಯಿಂಟ್ ಗಾರ್ಡ್ ಬರಿಗೈಲಿ ಚೆಂಡು ಹಿಡಿಯಲು ಹೋಗಿ ಉಂಗುರದ ಬೆರಳು ತಿರುಚಿಕೊಂಡ. ಆ ವರ್ಷ ಪೂರ್ತಿ ಅವನು ಬೆಂಚಿನಲ್ಲೇ. ಬೆಂಚಿನ ಮೇಲೆ ಸ್ನೇಹ ಆಗುತ್ತೆ ಅಂದ್ರಲ್ಲ, ಅವನಿಗೆ ತುಂಬಾ ಸ್ನೇಹಿತರಾದರು.

ಶಾರ್ಟ್‌ಸ್ಟಾಪ್‌ಅಕ್ಕ · ಗುರುವಾರ, ಬೆಳಗ್ಗೆ 8:30

ಏಟು ಸರಿಯಾಗಿ ಬಿತ್ತು. 😄 ನಿಮ್ಮ ಮಾತು ನಿಜ. ಗ್ಲೌಸ್ ಇಲ್ಲದೆ ಆ ಚೆಂಡಿನಲ್ಲಿ ಆಡಬೇಡಿ. ಕ್ಯಾಚರಿಗೆ ಮಾಸ್ಕ್, ಬ್ಯಾಟ್ ಹಿಡಿದವನಿಗೆ ಹೆಲ್ಮೆಟ್, ಇವೆರಡಕ್ಕೆ ರಾಜಿ ಬೇಡ. ಪಿಚಿಂಗ್ ಮೆತ್ತಗೆ, ಕಮಾನಿನ ಹಾಗೆ ಮೇಲಕ್ಕೆತ್ತಿ ಎಸೆಯಲಿ. ಟಿವಿಯಲ್ಲಿ ನೋಡಿದ ಸ್ಲೈಡಿಂಗ್ ಯಾರೂ ಮಾಡಬೇಡಿ. ಕ್ಯಾಪ್ಟನ್ ಅವರೇ, ಟೀಮ್ ಆರಿಸುವಾಗ ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಕರೆಯೋದು ಬೇಡ. ನಿಮ್ಮ ಎರಡು ಗುಂಪು ಹಾಗೇ ಎರಡು ಟೀಮ್ ಆಗಿ ಕೂರುತ್ತೆ. ಚೀಟಿ ಎತ್ತಿ.

ಪಾಚಿಕೋರ್ಟ್ · ಶುಕ್ರವಾರ, ರಾತ್ರಿ 8:45

ಆಡೋದು ಅಂತಾಯ್ತು. ಪಿಡಿ ಸರ್ ತಮ್ಮ ಸ್ನೇಹಿತರ ಹತ್ತಿರ ಹತ್ತು ಗ್ಲೌಸ್, ಎರಡು ಬ್ಯಾಟ್, ಮಾಸ್ಕ್, ಹೆಲ್ಮೆಟ್ ತಂದಿದ್ದಾರೆ. ಚೆಂಡು ಮಾತ್ರ ಒಂದೇ. ಹೊಸದು, ನಿಂಬೆಹಣ್ಣಿನ ಬಣ್ಣ, ಕೆಂಪು ಹೊಲಿಗೆ. "ಹೇಗೆ ಕೊಟ್ಟರೋ ಹಾಗೇ ವಾಪಸ್ ಕೊಡಬೇಕು" ಅಂತ ಮೂರು ಸಲ ಹೇಳಿದ್ದಾರೆ.

ಜಾಗ ಇಲ್ಲಿ ಸಿಗಲಿಲ್ಲ. ನಮ್ಮ ಸೆಂಟರ್ ಮನೆ ಮಂಡಗದ್ದೆ ದಾಟಿ ಒಳಗೆ. ಅವರ ಗದ್ದೆ ಕೊಯ್ಲಾಗಿದೆಯಂತೆ, ಅಲ್ಲಿಗೆ ಬನ್ನಿ ಅಂದ. ಒಂದೂವರೆ ವರ್ಷದಲ್ಲಿ ಅವನು ನನಗೆ ಹೇಳಿದ ಅತಿ ಉದ್ದದ ವಾಕ್ಯ ಅದು.

ಭದ್ರಾವತಿಮೇಲ್ · ಶುಕ್ರವಾರ, ರಾತ್ರಿ 8:51

ಆಟ ಆಮೇಲೆ. ಊಟ ಏನು ಅಂತ ಕೇಳಿದ್ರಾ?

ಪಾಚಿಕೋರ್ಟ್ · ಭಾನುವಾರ, ರಾತ್ರಿ 10:30

ಮೈ ಕೈ ನೋವು. ಆದರೂ ಬರೆದೇ ಮಲಗುತ್ತೇನೆ.

ಬೆಳಗ್ಗೆ ತೀರ್ಥಹಳ್ಳಿ ಬಸ್ಸಿನಲ್ಲಿ ಹೊರಟೆವು. ಗಾಜನೂರು ದಾಟುವ ತನಕ ಮುಂದಿನ ಸೀಟಲ್ಲಿ ಅವರು, ಹಿಂದಿನ ಸೀಟಲ್ಲಿ ನಾವು. ಎಂದಿನ ಹಾಗೇ.

ಗದ್ದೆ ನೋಡಿ ಪಿಡಿ ಸರ್ ತಲೆ ಕೆರೆದುಕೊಂಡರು. ಮಲೆನಾಡಿನ ಗದ್ದೆ ಗೊತ್ತಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ. ಎರಡನೇ ಬೇಸ್ ಅಳತೆ ಮಾಡಿದರೆ ಸರಿಯಾಗಿ ಅಂಚಿನ ಮೇಲೆ ಬಂತು. ನಾಲ್ಕಡಿ ಈಚೆಗೆ ತಂದೆವು. ಬೇಸಿಗೆ ಅಡಿಕೆ ಹಾಳೆ ಹಾಸಿದ್ದು ನನ್ನ ಐಡಿಯಾ. ಮೊದಲು ಓಡಿದವನೇ ಹಾಳೆಯ ಮೇಲೆ ಕಾಲಿಟ್ಟು, ಚಿಕ್ಕಂದಿನಲ್ಲಿ ಹಾಳೆ ಮೇಲೆ ಕೂತು ಎಳೆಸಿಕೊಳ್ಳುತ್ತಿದ್ದೆವಲ್ಲ, ಹಾಗೇ ಜಾರಿಕೊಂಡು ಹೋದ. ಪೆಟ್ಟಾಗಲಿಲ್ಲ. ಆಮೇಲೆ ಗೋಣಿಚೀಲ ಮಡಚಿ ಗೂಟ ಹೊಡೆದೆವು.

ಚೀಟಿ ಎತ್ತಿದ್ದರಲ್ಲಿ ಏಳು ಏಳು ಜನ. ಎರಡೂ ಕಡೆಗೆ ಪಿಡಿ ಸರ್ರೇ ಪಿಚರ್. ನನಗೂ ಸೆಂಟರಿಗೂ ಒಂದೇ ಟೀಮ್ ಬಂತು. ಅವನು ಮೊದಲನೇ ಬೇಸ್, ನಾನು ಎರಡನೇ ಬೇಸ್.

ಎಷ್ಟು ಕೆಟ್ಟದಾಗಿ ಆಡಿದೆವು ಅಂದರೆ, ಎಲ್ಲರೂ ಕ್ರಿಕೆಟ್ ಹುಡುಗರೇ ನೋಡಿ. ಹೊಡೆದವರೆಲ್ಲ ಬ್ಯಾಟ್ ಹಿಡಿದುಕೊಂಡೇ ಓಡಿದರು. ಒಬ್ಬ ಬೇಸ್ ಹತ್ತಿರ ಬಂದು ಬ್ಯಾಟನ್ನು ನೆಲಕ್ಕೆ ಉಜ್ಜಿ ವಾಪಸ್ ಓಡಿದ, ಎರಡು ರನ್ ಅಂತ. ಇನ್ನೊಬ್ಬ ಹೊಡೆದು, ಫೀಲ್ಡರ್ ಹತ್ತಿರ ಇದ್ದಾನೆ ಅಂತ "ನೋ ನೋ" ಅಂದು ಅಲ್ಲೇ ನಿಂತ. ಇಲ್ಲಿ ನೇರಕ್ಕೆ ಹೊಡೆದರೆ ಓಡಲೇಬೇಕು ಅಂತ ಸರ್ ಹೇಳಿ ಹೇಳಿ ಗಂಟಲು ಹೋಯಿತು.

ಚೆನ್ನಾಗಿ ಆಡಿದವನು ಸೆಂಟರ್ ಒಬ್ಬನೇ. ಮೊದಲನೇ ಬೇಸಿನಲ್ಲಿ ಒಂದು ಕಾಲು ಚೀಲದ ಮೇಲೆ ಇಟ್ಟುಕೊಂಡೇ ಇನ್ನೊಂದು ಕಾಲು ಚಾಚಿ ಚೆಂಡು ಹಿಡಿಯಬೇಕು. ಅದು ಬ್ಯಾಸ್ಕೆಟ್‌ಬಾಲಿನಲ್ಲಿ ಒಂದು ಕಾಲು ಊರಿ ತಿರುಗುವ ನಮ್ಮ ಪಿವೋಟ್ ತಾನೇ? ಅವನ ಎಡಗಾಲು ಅಂಟು ಹಾಕಿದ ಹಾಗೆ ಕೂತಿತ್ತು. ಎಲ್ಲಿ ಎಸೆದರೂ ಹಿಡಿಯುತ್ತಿದ್ದ. ಸತ್ಯ ಹೇಳ್ತೀನಿ, ನಾನು ಅವನ ಕಡೆಗೆ ಇಷ್ಟು ಸಲ ಚೆಂಡು ಎಸೆದಿದ್ದು ಇದೇ ಮೊದಲು. ಬೇರೆ ದಾರಿಯೇ ಇರಲಿಲ್ಲ, ಔಟ್ ಮಾಡಬೇಕು ಅಂದರೆ ಅವನಿಗೇ ಎಸೆಯಬೇಕು.

ಎರಡನೇ ಇನಿಂಗ್ಸಿನಲ್ಲಿ ಒಂದು ಚೆಂಡು ನೆಟ್ಟಗೆ ಮೇಲೆ ಎದ್ದಿತು. ನನಗೂ ಅವನಿಗೂ ಸರಿಯಾಗಿ ನಡುವೆ. ಇಬ್ಬರೂ ಓಡಿದೆವು, ಇಬ್ಬರೂ ನಿಂತೆವು. ಚೆಂಡು ಇಬ್ಬರ ಕಾಲ ನಡುವೆ ಕೂಳೆಯ ಮೇಲೆ ಬಿತ್ತು. ಟಪ್ ಅಂತ. ಅಕ್ಕ ಬರೆದಿದ್ದು ಅಕ್ಷರ ಅಕ್ಷರ ನೆನಪಾಯಿತು.

ಇನ್ನೊಂದು ಅನಾಹುತ ಇದೆ. ಹೋಮ್ ಪ್ಲೇಟಿನ, ಅಂದರೆ ಬ್ಯಾಟ್ ಮಾಡುವ ಜಾಗದ ಹಿಂದೆ ಅವರ ಅಂಗಳ. ಅಡಿಕೆ ಕಾಲ ಅಲ್ವಾ, ಹಂಡೆಯಲ್ಲಿ ಚೊಗರು, ಅಂದರೆ ಅಡಿಕೆ ಬೇಯಿಸುವ ಕೆಂಪು ನೀರು, ಕುದಿಯುತ್ತಿತ್ತು. ನಾನು ಹೊಡೆದ ಫೌಲ್ ಹಿಂದಕ್ಕೆ ಹಾರಿ, ಸೀದಾ ಹಂಡೆಯೊಳಗೆ. ಒಲೆ ಹತ್ತಿರ ಯಾರೂ ಇರಲಿಲ್ಲ, ಪುಣ್ಯ. ನಾವೆಲ್ಲ ಕಲ್ಲಾಗಿ ನಿಂತೆವು. ಅವರ ಅಪ್ಪ ಬಂದು ಇಣುಕಿದರು. "ಬೇಯ್ಲಿ ಬಿಡಿ ಹುಡುಗ್ರಾ, ಒಳ್ಳೆ ಬಣ್ಣ ಬರ್ತದೆ" ಅಂದರು. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಪಿಡಿ ಸರ್ ಒಬ್ಬರೇ ನಗಲಿಲ್ಲ.

ಜಾಲರಿ ಸೌಟಿನಲ್ಲಿ ತೆಗೆದಾಗ ನಿಂಬೆಹಣ್ಣು ಹೋಗಿ ಕೆಂಪಡಿಕೆ ಆಗಿತ್ತು. ಉಳಿದ ಆಟ ಟೆನಿಸ್ ಬಾಲಿನಲ್ಲಿ ಮುಗಿಸಿದೆವು. ನಾವು 11–8ಕ್ಕೆ ಸೋತೆವು. ಸೋತವರು ಬೇಯಿಸಿದ ಅಡಿಕೆ ಹೊತ್ತು ಚಪ್ಪರದ ಮೇಲೆ ಹರವಬೇಕು ಅಂತ ಮೊದಲೇ ಪಂದ್ಯ ಆಗಿತ್ತು. ಹರವಿದೆವು. ಗೆದ್ದವರು ಊಟ ಮಾಡಿ ಜಗಲಿಯಲ್ಲಿ ಮಲಗಿದ್ದರು.

ಭದ್ರಾವತಿಯವರೇ, ಕಡುಬು, ಕೋಳಿ ಸಾರು. ತಿನ್ನದವರಿಗೆ ಕಾಯಿಚಟ್ನಿ, ಅಪ್ಪೆಮಿಡಿ. ಸಾಕಾ?

ಭದ್ರಾವತಿಮೇಲ್ · ಭಾನುವಾರ, ರಾತ್ರಿ 10:41

ಸಾಕು. ನಮಗೂ ಒಂದು ಟೀಮ್ ಕಟ್ಟಬೇಕು ಅನ್ನಿಸ್ತಿದೆ.

ಮೆಟ್ಟುಗತ್ತಿ · ಸೋಮವಾರ, ಬೆಳಗ್ಗೆ 6:50

ಇಲ್ಲಿ ಹೊಸಬ. ಆ ಸೆಂಟರ್ ನಾನೇ. ಈ ಚರ್ಚೆಯ ಲಿಂಕನ್ನು ರೂಮ್‌ಮೇಟ್ ರಾತ್ರಿ ಕಳಿಸಿದ. ಪೂರ್ತಿ ಓದಿದೆ.

ಕ್ಯಾಪ್ಟನ್ ಎರಡು ಕಡೆ ಅರ್ಧ ಅರ್ಧ ಬರೆದಿದ್ದಾನೆ. ಒಂದು, ಹೋದ ತಿಂಗಳ ಮ್ಯಾಚಿನಲ್ಲಿ "ಪಾಸ್ ಹೋಗಲಿಲ್ಲ" ಅಂತ. ಪಾಸ್ ತಾನಾಗಿ ಹೋಗಲ್ಲ ಮಾರಾಯ. ಚೆಂಡು ನಿನ್ನ ಕೈಯಲ್ಲಿತ್ತು.

ಎರಡು, ಐದನೇ ಇನಿಂಗ್ಸಿನಲ್ಲಿ ಇನ್ನೊಂದು ಚೆಂಡು ಹಾಗೇ ನಡುವೆ ಎದ್ದಿತ್ತು. ಆಗ ನಾನು "ನಂದು" ಅಂತ ಕೂಗಿದೆ. ನಮ್ಮನೆ ನಾಯಿ ಎದ್ದು ಬೊಗಳುವಷ್ಟು ಜೋರಾಗಿ. ಅವನು ತಕ್ಷಣ ನಿಂತ, ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಆರಾಮಾಗಿ ಕೆಳಗೆ ಬಂದ ಚೆಂಡನ್ನು ನಾನು ಬಿಟ್ಟುಬಿಟ್ಟೆ. ಕೈಗೆ ಬಂದು ಜಾರಿತು. ಅವನು ಬೈಯುತ್ತಾನೆ ಅಂತ ಕಾಯ್ತಿದ್ದೆ. "ಬೆಳಗ್ಗೆಯಿಂದ ನೀನು ಬಿಟ್ಟಿದ್ದು ಇದೊಂದೇ, ಬರಿ ಎಂಟು ನಾನು ಬಿಟ್ಟಿದ್ದು" ಅಂದ. ಅದನ್ನು ಯಾಕೆ ಬರೆದಿಲ್ಲ ಗೊತ್ತಿಲ್ಲ.

ನಮ್ಮದೂ ತಪ್ಪಿದೆ. ಕೋರ್ಟಿನಲ್ಲಿ ನಾನು ಕೈ ಎತ್ತಿ ನಿಲ್ಲುತ್ತೇನೆ, ಕೂಗುವುದಿಲ್ಲ. ಪೇಟೆ ಹುಡುಗರ ಮುಂದೆ ನಮ್ಮ ಮಾತು ಕೇಳಿದರೆ ನಗುತ್ತಾರೇನೋ ಅಂತ ಒಂದು ಅಂಜಿಕೆ. ಮೊದಲ ವರ್ಷ ಒಂದು ಸಲ ನಕ್ಕಿದ್ದರು. ಯಾರು ಅಂತ ಬೇಡ ಈಗ. ಗದ್ದೆಯಲ್ಲಿ ಆ ಅಂಜಿಕೆ ಇರಲಿಲ್ಲ. ನಮ್ಮ ಗದ್ದೆ ಅಲ್ವಾ.

ಪಾಚಿಕೋರ್ಟ್ · ಸೋಮವಾರ, ಬೆಳಗ್ಗೆ 7:35

ಹೌದು. ಚೆಂಡು ನನ್ನ ಕೈಯಲ್ಲಿತ್ತು.

ನಕ್ಕವರಲ್ಲಿ ನಾನೂ ಇದ್ದೆ ಅನ್ನಿಸುತ್ತೆ. ಸಂಜೆ ಸಿಗು, ಇಲ್ಲಿ ಬೇಡ.

ಹಳೇಸೆಂಟರ್ · ಸೋಮವಾರ, ಬೆಳಗ್ಗೆ 9:10

ರಿಂಗಿನ ಕೆಳಗೆ ಕೈ ಎತ್ತಿಕೊಂಡು ಸುಮ್ಮನೆ ನಿಂತು ನಾನೂ ಎರಡು ವರ್ಷ ಕಳೆದವನು ತಮ್ಮಾ. ಕೂಗು. ಊರ ಮಾತಲ್ಲೇ ಕೂಗು. ಎದುರಾಳಿ ಟೀಮಿಗೆ ಅರ್ಥ ಆಗದಿದ್ದರೆ ಇನ್ನೂ ಒಳ್ಳೆಯದು.

ಗೋಪಿಸರ್ಕಲ್ · ಸೋಮವಾರ, ಮಧ್ಯಾಹ್ನ 1:25

ಓದಿ ಖುಷಿ ಆಯ್ತು, ಸುಳ್ಳು ಹೇಳಲ್ಲ. ಆದರೆ ನನ್ನ ಮಾತು ಹಾಗೇ ಇದೆ. ಕಡುಬು ತಿಂದು ಸ್ನೇಹ ಆಗಿದ್ದಕ್ಕೂ ಫುಲ್ ಕೋರ್ಟ್ ಪ್ರೆಸ್, ಅಂದರೆ ಕೋರ್ಟ್ ಉದ್ದಕ್ಕೂ ಮೇಲೆ ಬಿದ್ದು ತಡೆಯೋದು, ಅದನ್ನ ಬಿಡಿಸಿಕೊಳ್ಳೋದಕ್ಕೂ ಸಂಬಂಧ ಇಲ್ಲ. ಎಂಟು ಸೆಕೆಂಡಿನಲ್ಲಿ ಅರ್ಧ ಕೋರ್ಟ್ ದಾಟೋಕೆ ಆಗದಿದ್ದರೆ ಅಡಿಕೆ ಚಪ್ಪರ ನೆನಪಿಸಿಕೊಂಡು ಏನು ಮಾಡ್ತೀರಿ? ಟೂರ್ನಮೆಂಟ್ ಆದ ಮೇಲೆ ಬಂದು ಹೇಳಿ.

ಶಾರ್ಟ್‌ಸ್ಟಾಪ್‌ಅಕ್ಕ · ಸೋಮವಾರ, ಮಧ್ಯಾಹ್ನ 2:00

ಇದಕ್ಕೆ ನನ್ನ ಅರ್ಧ ಒಪ್ಪಿಗೆ ಇದೆ. ಒಂದು ಭಾನುವಾರಕ್ಕೆ ಆಟ ಬರಲ್ಲ. ಆದರೆ ಆ ಎಂಟು ಸೆಕೆಂಡಿನಲ್ಲಿ "ಹಿಂದೆ ಒಬ್ಬ ಬಂದ" ಅಂತ ಕೂಗುವವನು ಬೇಕಲ್ಲ. ಕೂಗೋದು ರೂಢಿ ಆಗಬೇಕು ಅಂದರೆ ದಿನಾ ಕೂಗಬೇಕು. ಪ್ರಾಕ್ಟೀಸಿನಲ್ಲಿ ಒಂದು ನಿಯಮ ಮಾಡಿಕೊಳ್ಳಿ. ಹೆಸರು ಕೂಗದೆ ಕೊಟ್ಟ ಪಾಸಿಗೆ ಬಿದ್ದ ಬುಟ್ಟಿ ಲೆಕ್ಕಕ್ಕಿಲ್ಲ.

ಪಾಚಿಕೋರ್ಟ್ · ಬುಧವಾರ, ರಾತ್ರಿ 9:15

ಅಕ್ಕಾ, ನಿಮ್ಮ ನಿಯಮ ಹಾಕಿದೆವು. ಮೊದಲ ದಿನ ಗಲಾಟೆಯೋ ಗಲಾಟೆ. ಹದಿನಾಲ್ಕು ಜನರಲ್ಲಿ ಇಬ್ಬರ ಹೆಸರು ನನಗೆ ಸರಿಯಾಗಿ ಗೊತ್ತಿರಲಿಲ್ಲ ಅಂತ ಆಗ ಗೊತ್ತಾಯಿತು. ಜರ್ಸಿ ನಂಬರಿನಿಂದಲೇ ಕರೆಯುತ್ತಿದ್ದೆ. ನಾಚಿಕೆ ಆಯ್ತು. ಸೆಂಟರ್ "ಇಲ್ಲ್ ಹಾಕಾ" ಅಂತ ಕೂಗುತ್ತಾನೆ, ಈಗ ಗೋಪಾಳದ ಹುಡುಗರೂ ಹಾಗೇ ಕೂಗ್ತಿದ್ದಾರೆ. ಗೋಪಿಸರ್ಕಲ್ ಅವರೇ, ಫ್ರೀ ಥ್ರೋ ದಿನಕ್ಕೆ ನೂರು ನಡೀತಿದೆ.

ಸೋತ ಏಳು ಜನರ ಕೈ ಮಾತ್ರ ಇನ್ನೂ ಕಪ್ಪಗಿದೆ. ಚೊಗರು ಹೋಗ್ತಿಲ್ಲ. ಕ್ಲಾಸಿನಲ್ಲಿ ಎಲ್ಲರೂ ಕೇಳ್ತಾರೆ.

ಈಗ ನಿಜವಾದ ಸಮಸ್ಯೆ. ಶನಿವಾರ ಆ ಚೆಂಡು ವಾಪಸ್ ಕೊಡಬೇಕು. ಒಣಗಿದ ಮೇಲೆ ಬಣ್ಣ ಇನ್ನೂ ಗಾಢ ಆಗಿದೆ, ಒಂದು ಕಡೆ ಹೊಲಿಗೆ ಬಿಗಿದುಕೊಂಡು ಮೊಟ್ಟೆ ಆಕಾರಕ್ಕೆ ಬಂದಿದೆ. ಪಿಡಿ ಸರ್ ದಿನಾ ಅದನ್ನು ಮೇಜಿನ ಮೇಲಿಟ್ಟುಕೊಂಡು ನನ್ನನ್ನು ನೋಡ್ತಾರೆ. ಚರ್ಮದಿಂದ ಚೊಗರು ತೆಗೆಯೋದು ಯಾರಿಗಾದರೂ ಗೊತ್ತಾ? ನಿಂಬೆಹಣ್ಣು ಉಜ್ಜಿ ನೋಡಿದೆ, ಆಗಲಿಲ್ಲ.

ಮೆಟ್ಟುಗತ್ತಿ · ಬುಧವಾರ, ರಾತ್ರಿ 9:22

ಅಪ್ಪಯ್ಯನಿಗೆ ಫೋನ್ ಮಾಡಿ ಕೇಳಿದೆ. ಚೊಗರು ತೆಗೆಯೋಕೆ ಆಗಲ್ಲ, ಇನ್ನೊಂದು ಸಲ ಅದ್ದಿದರೆ ಬಣ್ಣ ಎಲ್ಲ ಕಡೆ ಒಂದೇ ಸಮ ಬರ್ತದೆ ಅಂದರು.

ಹಳೇಸೆಂಟರ್ · ಬುಧವಾರ, ರಾತ್ರಿ 9:30

ಏಳು ಜನ ಸೋತವರು ಸೇರಿ ಹೊಸ ಚೆಂಡು ಕೊಡಿಸಿ. ಅದನ್ನು ನೀವೇ ಇಟ್ಕೊಳ್ಳಿ.

ಪಾಚಿಕೋರ್ಟ್ · ಬುಧವಾರ, ರಾತ್ರಿ 9:34

ಏಳು ಯಾಕೆ ಸರ್, ಹದಿನಾಲ್ಕು. ಗೆದ್ದವರೂ ಕಡುಬು ತಿಂದಿದ್ದಾರೆ.